ಚಂದ್ರನಿಲ್ಲದ ಲೋಕದ ಚಂದ್ರ

ಕಾದಂಬರಿಕಾರನು ತನ್ನ ಲೋಕಕ್ಕೆ ತಾನೇ ಬ್ರಹ್ಮ. ಆದರೆ ಆ ಲೋಕವನ್ನು ಬೇರೊಬ್ಬರು ಆಗಲೇ ಸೃಷ್ಟಿಸಿದ್ದು, ಅಸಂಖ್ಯಾತ ಜನರು ಅದನ್ನು ಕಂಡು ಮೆಚ್ಚಿದ್ದರೆ? ದೂರದರ್ಶನದ ಕಥಾಮಾಲೆಯನ್ನೋ ಚಲಚ್ಚಿತ್ರವನ್ನೋ ಆಧರಿಸಿ ವೈಜ್ಞಾನಿಕ ಕಾದಂಬರಿ ಬರೆಯುವವರ ಸ್ಥಿತಿ ಇದು. ಹಿಂದೆ ಹೇಳಿರುವುದನ್ನು ಅವರು ಅಳಿಸುವಂತಿಲ್ಲ. ಹೊಸದನ್ನು ಹೇಳದೆ ಇರುವಂತೆಯೂ ಇಲ್ಲ. ಈ ಇಕ್ಕಟ್ಟು ವಿಜ್ಞಾನದ ವಿದ್ಯಾರ್ಥಿಗಳಿಗೂ ಪರಿಚಿತವಾದುದೇ. ಒಂದು ಉದಾಹರಣೆಯನ್ನು ನೋಡೋಣ.

1966ರಲ್ಲಿ ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಎಂಬ ದೂರದರ್ಶನ ಕಥಾಮಾಲೆ ಆರಂಭವಾಯಿತು. ಅದರ ಮುಖ್ಯ ಪಾತ್ರಗಳಲ್ಲೊಬ್ಬನಾದ ಸ್ಪಾಕನ ತಂದೆ ವಲ್ಕನ್ ಗ್ರಹದವನು, ತಾಯಿ ಭೂಮಿಯವಳು. ವಲ್ಕನ್ ಒಂದು ಒಣ ಮರುಭೂಮಿ. ಅಲ್ಲಿಯ ಜನರು ಭಾವೋದ್ರೇಕವನ್ನು ನಿಗ್ರಹಿಸಿ, ತರ್ಕವನ್ನೇ ಬಾಳಿನ ಧರ್ಮವಾಗಿ ಸ್ವೀಕರಿಸಿದವರು. ವಲ್ಕನ್ನಿಗೆ ಚಂದ್ರನಿಲ್ಲವೆಂದು ಸ್ಪಾಕನು ಮೊದಲು ಪ್ರಸಾರವಾದ ಕಂತಿನಲ್ಲಿಯೇ ನುಡಿದನು. ಆದರೆ 1979ರ ಚಲಚ್ಚಿತ್ರದಲ್ಲಿ ವಲ್ಕನ್ನಿನ ಆಕಾಶದಲ್ಲಿ ಭಾರಿ ಗೋಲಗಳು ಕಾಣಿಸಿಕೊಂಡವು! ಸ್ಪಾಕನ ಮಾತು ನಿಜವೋ, ಕಣ್ಣಿಗೆ ಕಂಡುದು ನಿಜವೋ?

ಡಯೇನ್ ಡುವೇನ್ ಎಂಬ ಲೇಖಕಿ 1988ರಲ್ಲಿ 'ಸ್ಪಾಕ್ಸ್ ವರ್ಲ್ಡ್' ಎಂಬ ಕಾದಂಬರಿಯನ್ನು ಪ್ರಕಟಿಸಿ, ವಲ್ಕನ್ ನಾಗರಿಕತೆಯ ಇತಿಹಾಸವನ್ನೇ ಚಿತ್ರಿಸಿದರು. ಅದರಲ್ಲಿ ಆಕಾಶದ ಆ ಗೋಲ ಚಂದ್ರನಲ್ಲ. ವಲ್ಕನ್ನಿನ ಜೊತೆಗೂಡಿ ಸುತ್ತುವ ಸೋದರ ಗ್ರಹ. ಹೀಗೆ ಮಾತೂ ಉಳಿಯಿತು, ದೃಶ್ಯವೂ ಉಳಿಯಿತು.

ಇದು ಬರಿಯ ಶಬ್ದಚಮತ್ಕಾರವೆ? ಅಲ್ಲ. ಭೂಮಿಯೂ ಚಂದ್ರನೂ ತಮ್ಮಿಬ್ಬರ ಸಾಮಾನ್ಯ ದ್ರವ್ಯಕೇಂದ್ರವನ್ನು ಸುತ್ತುತ್ತವೆ. ಅವುಗಳ ಅಂತರ ಸುಮಾರು 3,84,400 ಕಿಲೋಮೀಟರು. ಚಂದ್ರನ ದ್ರವ್ಯರಾಶಿ ಭೂಮಿಯದರ ಸುಮಾರು 81ನೆಯ ಒಂದು ಭಾಗ. ಲೆಕ್ಕ ಹಾಕಿದರೆ ಆ ಕೇಂದ್ರ ಭೂಮಧ್ಯದಿಂದ ಸುಮಾರು 4,700 ಕಿಲೋಮೀಟರು ದೂರದಲ್ಲಿ, ಎಂದರೆ ಭೂಮಿಯ ಒಡಲಿನಲ್ಲಿಯೇ ಬೀಳುತ್ತದೆ. ಪ್ಲೂಟೋ ಮತ್ತು ಷಾರಾನ್‌ಗಳ ದ್ರವ್ಯಕೇಂದ್ರವಾದರೋ ಪ್ಲೂಟೋವಿನ ಹೊರಗಿದೆ. ಆದುದರಿಂದ ಅವನ್ನು ಜೋಡಿ ಲೋಕವೆಂದು ಕರೆಯುವವರುಂಟು.

ಒಳ್ಳೆಯ ಊಹೆಯೊಂದನ್ನು ಒಪ್ಪಿದರೆ ಅದರ ಪರಿಣಾಮಗಳನ್ನೂ ಒಪ್ಪಬೇಕು. ಪಕ್ಕದಲ್ಲಿಯೇ ಭಾರಿ ಗ್ರಹವಿದ್ದು, ಅವುಗಳ ಕಕ್ಷೆ ಪೂರ್ಣ ವೃತ್ತವಲ್ಲದಿದ್ದರೆ, ಅದರ ಸೆಳೆತ ಏರಿಳಿಯುತ್ತ ಬಂಡೆಯನ್ನೇ ಹಿಸುಕಿ ಕಾಯಿಸುತ್ತದೆ. ಗುರುಗ್ರಹದ ಉಪಗ್ರಹವಾದ ಅಯೋದಲ್ಲಿ ಹೀಗೆಯೇ ಆಗುತ್ತಿದೆ. ಅಲ್ಲಿಯ ಜ್ವಾಲಾಮುಖಿಗಳನ್ನು ವಾಯೇಜರ್ ನೌಕೆ 1979ರಲ್ಲಿ ತೋರಿಸಿತು. ಅಂತಹ ನಡುಗುವ ನೆಲದ ಮೇಲೆ ಬಾಳುವ ಜನರ ಮನೆಗಳು, ಪುರಾಣಗಳು, ಭಯಗಳು ಎಂತಹವು? ಲೇಖಕನಿಗೆ ಹಳೆಯ ಮಾತು ಸಂಕೋಲೆಯಾಗದೆ ಬೀಜವಾಗುವುದು ಇಲ್ಲಿಯೇ.

ಈ ಕಥೆಗೆ ನಿಜವಾದ ಆಕಾಶದಲ್ಲಿಯೂ ಒಂದು ಪ್ರತಿಬಿಂಬವಿದೆ. ವಲ್ಕನ್ನಿನ ಸೂರ್ಯನೆಂದು ಸುಮಾರು 16 ಜ್ಯೋತಿರ್ವರ್ಷ ದೂರದ '40 ಎರಿಡಾನಿ' ನಕ್ಷತ್ರವನ್ನು ಕಥಾಮಾಲೆಯ ಜನಕ ಜೀನ್ ರಾಡನ್‌ಬೆರಿಯೂ ಮೂವರು ಖಗೋಳಜ್ಞರೂ 1991ರಲ್ಲಿ ಸೂಚಿಸಿದ್ದರು. ಅದರ ವರ್ಣಪಟಲದಲ್ಲಿ ಸುಮಾರು 42 ದಿನಗಳಿಗೊಮ್ಮೆ ಮರುಕಳಿಸುವ ಸೂಕ್ಷ್ಮ ಪಲ್ಲಟವನ್ನು ಕಂಡು, ಅಲ್ಲೊಂದು ಗ್ರಹವಿದೆಯೆಂದು 2018ರಲ್ಲಿ ಸಂಶೋಧಕರು ಪ್ರಕಟಿಸಿದರು. 2024ರಲ್ಲಿ ಇನ್ನೂ ಸೂಕ್ಷ್ಮವಾದ ಅಳತೆಗಳು, ಆ ಪಲ್ಲಟ ನಕ್ಷತ್ರದ ಮೇಲ್ಮೈಯ ಚಟುವಟಿಕೆಯಿಂದಲೇ ಉಂಟಾದುದೆಂದು ತೋರಿಸಿದವು. ವೀಕ್ಷಣೆ ಉಳಿಯಿತು, ಅದರ ಅರ್ಥ ಬದಲಾಯಿತು.

ಆದರೆ ಒಂದು ಭೇದವನ್ನು ಮರೆಯಬಾರದು. 2001ರಲ್ಲಿ ಆ ಚಲಚ್ಚಿತ್ರವನ್ನು ಪರಿಷ್ಕರಿಸಿದಾಗ ಆಕಾಶದ ಗೋಲಗಳನ್ನು ತೆಗೆದುಹಾಕಿದರು. ಚಿತ್ರ ಅವರದು, ಅವರು ತೆಗೆಯಬಹುದು. ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆದ ಅಂಕಿ ನಮ್ಮ ಸಿದ್ಧಾಂತಕ್ಕೆ ಹೊಂದುವುದಿಲ್ಲವೆಂದು ಅಳಿಸುವ ಹಕ್ಕು ಮಾತ್ರ ನಮಗಿಲ್ಲ. ಹೊಂದದ ಅಂಕಿಯನ್ನು ಉಳಿಸಿಕೊಂಡು ಚಿಂತಿಸುವುದೇ ವಿಜ್ಞಾನ.