ಕಡಲನ್ನು ಅಳೆದ ಕೋಲು

ಧಾರವಾಡ ಅಥವಾ ಹುಬ್ಬಳ್ಳಿಯ ರೈಲು ನಿಲ್ದಾಣದ ಹಳದಿ ಫಲಕವನ್ನು ನೀವು ನೋಡಿರಬಹುದು. ಊರಿನ ಹೆಸರಿನ ಜೊತೆಗೆ, ಆ ಸ್ಥಳವು ಸಮುದ್ರಮಟ್ಟದಿಂದ ಎಷ್ಟು ಮೀಟರು ಎತ್ತರದಲ್ಲಿದೆ ಎಂಬುದನ್ನೂ ಅದರ ಮೇಲೆ ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತಾರೆ. ಗಾಡಿಯ ದಾರಿ ಕಾಯುತ್ತ ಅದನ್ನು ಓದುವವರು ಬಹಳ. ಅದರ ಅರ್ಥವನ್ನು ವಿಚಾರಿಸುವವರು ಕಡಿಮೆ. ಈ ಎರಡು ಊರುಗಳ ನಡುವಿನ ರಾಯಾಪುರದಿಂದ ಬರುತ್ತಿದ್ದ ಒಬ್ಬ ವಿದ್ಯಾರ್ಥಿನಿ ಒಮ್ಮೆ ನನ್ನನ್ನು ಕೇಳಿದಳು: “ಸರ, ಕಡಲು ಏರತದ, ಇಳೀತದ ಅಂತ ಪುಸ್ತಕದಾಗ ಅದ. ಹಂಗಾರ ಈ ಎತ್ತರಾನ ಯಾವ ನೀರಿನಿಂದ ಅಳೆದಾರ್ರಿ?”

ನನಗೆ ಒಡನೆ ಉತ್ತರ ಹೊಳೆಯಲಿಲ್ಲ. ನಾನು ಹುಟ್ಟಿ ಬೆಳೆದದ್ದು ಎರೆಭೂಮಿಯಲ್ಲಿ. ಕಡಲನ್ನು ಕಂಡಿದ್ದೆನಾದರೂ ದಂಡೆಯಲ್ಲಿ ನಿಂತು, ಕಾಲು ತೊಯ್ಸಿಕೊಂಡು, ಶೇಂಗಾ ತಿಂದು ಮರಳಿ ಬಂದವನೇ ಹೊರತು ಅದನ್ನು ಗಮನಿಸಿ ನೋಡಿದವನಲ್ಲ. ಆ ಬೇಸಿಗೆಯ ರಜೆಯಲ್ಲಿ ರಾಯಾಪುರದ ಸುತ್ತಲಿನ ಇಪ್ಪತ್ತನಾಲ್ಕು ಮಕ್ಕಳನ್ನು ಕರೆದುಕೊಂಡು ಕಾರವಾರದ ಕಡಲ ತೀರದಲ್ಲಿ ಆರು ದಿನಗಳ ಶಿಬಿರ ನಡೆಸುವ ವಿಚಾರ ಹುಟ್ಟಿದ್ದು ಈ ಪ್ರಶ್ನೆಯಿಂದಲೇ.

ರಾಯಾಪುರಕ್ಕೂ ಕಡಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ದಾರಿಯ ಲೆಕ್ಕದಲ್ಲಿ ಕಾರವಾರವು ಸುಮಾರು 170 ಕಿಲೋಮೀಟರು ದೂರದಲ್ಲಿದೆ. ಆದರೆ ನೀರಿನ ಲೆಕ್ಕವೇ ಬೇರೆ. ಧಾರವಾಡದ ಸುತ್ತಲಿನ ನೆಲ ಮಳೆಯ ನೀರನ್ನು ಎರಡು ಕಡಲುಗಳಿಗೆ ಹಂಚಿಕೊಡುತ್ತದೆ. ಪೂರ್ವಕ್ಕೆ ಇಳಿದು ಬೆಣ್ಣೆಹಳ್ಳವನ್ನು ಸೇರಿದ ನೀರು ಮಲಪ್ರಭೆಯ ಮೂಲಕ ಕೃಷ್ಣೆಗೆ ಕೂಡಿ, ನಾಡಿನ ಅಗಲವನ್ನೆಲ್ಲ ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಪಶ್ಚಿಮದ ಇಳಿಜಾರಿಗೆ ಬಿದ್ದ ನೀರಿನ ದಾರಿ ಬೇರೆ. ಧಾರವಾಡದ ಸೋಮೇಶ್ವರ ದೇವಾಲಯದ ಬಳಿ ಹುಟ್ಟುವ ಶಾಲ್ಮಲೆಯು ಮುಂದೆ ಬೇಡ್ತಿಯಾಗಿ, ಮಾಗೋಡಿನಲ್ಲಿ ಜಲಪಾತವಾಗಿ ಧುಮುಕಿ, ಘಟ್ಟದ ಕೆಳಗೆ ಗಂಗಾವಳಿಯೆಂಬ ಹೆಸರನ್ನು ಪಡೆದು ಅಂಕೋಲೆ-ಗೋಕರ್ಣಗಳ ನಡುವೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ನಮ್ಮ ಮೋಟಾರು ಕಲಘಟಗಿ, ಯಲ್ಲಾಪುರಗಳನ್ನು ದಾಟಿ ಅರಬೈಲು ಘಟ್ಟವನ್ನು ಇಳಿದು ರಾಮನಗುಳಿಗೆ ಬಂದಾಗ, ಬದಿಯಲ್ಲಿ ಹರಿಯುತ್ತಿದ್ದ ಹೊಳೆಯನ್ನು ಮಕ್ಕಳಿಗೆ ತೋರಿಸಿ, “ಇದು ನಿಮ್ಮೂರ ಕಡೆಯ ನೀರೇ” ಎಂದೆ. ಅವರು ನಂಬಲಿಲ್ಲ. ನಕಾಶೆಯನ್ನು ಬಿಡಿಸಿ ಬೆರಳಿಟ್ಟು ತೋರಿಸಬೇಕಾಯಿತು.

ಕಾಳಿನದಿಯ ಅಳಿವೆಯ ಉತ್ತರಕ್ಕೆ ದೇವಬಾಗವೆಂಬ ಊರಿದೆ. ಒಂದು ಬದಿಗೆ ಕಡಲು, ಇನ್ನೊಂದು ಬದಿಗೆ ನದಿ; ನಡುವೆ ನೀಳವಾದ ಮರಳ ಪಟ್ಟಿಯ ಮೇಲೆ ಗಾಳಿಮರಗಳ ತೋಪು. ನಮ್ಮ ಡೇರೆಗಳು ಆ ತೋಪಿನ ಅಂಚಿನಲ್ಲಿದ್ದವು. ಕರ್ನಾಟಕ ವಿಶ್ವವಿದ್ಯಾಲಯವು ಧಾರವಾಡದಲ್ಲಿದ್ದರೂ ಅದರ ಕಡಲ ಜೀವಶಾಸ್ತ್ರದ ವಿಭಾಗವು ಕಾರವಾರದ ಕೋಡಿಬಾಗದಲ್ಲಿದೆ. ಅಲ್ಲಿ ಓದಿದ ಒಬ್ಬ ಯುವಕನು ನಮಗೆ ಮಾರ್ಗದರ್ಶಿಯಾಗಿ ಬಂದಿದ್ದನು. ಮಕ್ಕಳೆಲ್ಲರೂ ನೀರಿಗೆ ಓಡಲು ಕಾತರರಾಗಿದ್ದಾಗ ಆತ ಅವರ ಕೈಗೆ ಕೊಟ್ಟದ್ದು ಒಂದು ಬಿದಿರ ಗಳು ಮತ್ತು ಬಣ್ಣದ ಡಬ್ಬಿ. ಸೆಂಟಿಮೀಟರುಗಳ ಗುರುತು ಹಾಕಿ, ನದಿಯ ಬದಿಯಲ್ಲಿ ಅಲೆಗಳ ಹೊಡೆತವಿಲ್ಲದ ಕಡೆ ಆ ಗಳುವನ್ನು ನೆಡಬೇಕು, ಅರ್ಧ ಗಂಟೆಗೊಮ್ಮೆ ನೀರಿನ ಮಟ್ಟವನ್ನು ವಹಿಯಲ್ಲಿ ಬರೆಯಬೇಕು, ರಾತ್ರಿಯೂ ಬಿಡುವಂತಿಲ್ಲ. ಮಕ್ಕಳ ಮುಖಗಳು ಸಪ್ಪಗಾದವು. ಸಾಹಸ ಶಿಬಿರವೆಂದು ಬಂದವರಿಗೆ ಇದೆಂಥ ಕೆಲಸ!

ಆದರೆ ಎರಡನೆಯ ದಿನಕ್ಕೆ ಆ ಗಳುವೇ ಶಿಬಿರದ ಕೇಂದ್ರವಾಯಿತು. ಮೊದಲ ದಿನ ಬೆಳಗಿನ ಒಂಬತ್ತರ ಸುಮಾರಿಗೆ ನೀರು ತುಂಬ ಮೇಲೇರಿತ್ತು. ಮರುದಿನ ಅದೇ ಹೊತ್ತಿಗೆ ಕಾದು ನಿಂತ ತಂಡಕ್ಕೆ ನಿರಾಸೆ. ನೀರು ಇನ್ನೂ ಏರುತ್ತಲೇ ಇತ್ತು. ಪೂರ್ಣ ಉಬ್ಬರ ಬಂದದ್ದು ಮುಕ್ಕಾಲು ಗಂಟೆಯಷ್ಟು ತಡವಾಗಿ. ಅದರ ಮರುದಿನ ಇನ್ನಷ್ಟು ತಡ. “ಚಂದ್ರನೂ ದಿನಾ ತಡಾ ಮಾಡಿ ಹುಟ್ಟತಾನಲ್ರಿ ಸರ!” ಎಂದು ಒಬ್ಬ ಹುಡುಗ ಕೂಗಿದ. ಅವನ ಮನೆಯವರು ಹೊಲದವರು. ರಾತ್ರಿ ಕಾವಲಿಗೆ ಹೋಗುವ ಅಜ್ಜನಿಂದ ಅವನು ಇದನ್ನು ಕಲಿತಿದ್ದ.

ಆ ಹುಡುಗ ಹೇಳಿದ್ದು ಸರಿಯಾಗಿತ್ತು. ಭೂಮಿಯು ಒಂದು ಸುತ್ತು ತಿರುಗುವಷ್ಟರಲ್ಲಿ ಚಂದ್ರನು ತನ್ನ ಕಕ್ಷೆಯಲ್ಲಿ ಸ್ವಲ್ಪ ಮುಂದೆ ಸಾಗಿರುತ್ತಾನೆ. ಭೂಮಿಯ ಅದೇ ಭಾಗವು ಮತ್ತೆ ಅವನಿಗೆ ಎದುರಾಗಲು ಸರಾಸರಿ 50 ನಿಮಿಷ ಹೆಚ್ಚು ಬೇಕು. ಚಂದ್ರನ ಸೆಳೆತ ಅವನ ಕಡೆಗಿರುವ ಸಮುದ್ರದ ಮೇಲೆ ಹೆಚ್ಚು, ಆಚೆ ಬದಿಯ ಸಮುದ್ರದ ಮೇಲೆ ಕಡಿಮೆ. ಈ ವ್ಯತ್ಯಾಸದಿಂದ ಎರಡೂ ಬದಿಗಳಲ್ಲಿ ನೀರು ಉಬ್ಬುವುದರಿಂದ, ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಉಬ್ಬರ, ಎರಡು ಇಳಿತ ಬರುತ್ತವೆ. ಎರಡು ಉಬ್ಬರಗಳು ಸಮನಾಗಿರುವುದಿಲ್ಲ ಎಂಬುದನ್ನೂ ಮಕ್ಕಳ ವಹಿಯೇ ತೋರಿಸಿತು. ಅಮಾವಾಸ್ಯೆ ಹುಣ್ಣಿಮೆಗಳಲ್ಲಿ ಸೂರ್ಯ ಚಂದ್ರರಿಬ್ಬರೂ ಭೂಮಿಯೊಡನೆ ಒಂದೇ ಸಾಲಿಗೆ ಬರುವುದರಿಂದ ನೀರು ಹೆಚ್ಚು ಏರುತ್ತದೆ, ಹೆಚ್ಚು ಇಳಿಯುತ್ತದೆ. ಇದನ್ನು ಮೀನುಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವರು ತಿಥಿಯನ್ನು ಎಣಿಸಿಯೇ ದೋಣಿ ಇಳಿಸುತ್ತಾರೆ.

ಇನ್ನು ಆ ಹುಡುಗಿಯ ಪ್ರಶ್ನೆ. ಮಾರ್ಗದರ್ಶಿಯು ಗಳುವಿನ ಮೇಲೆ ಉಬ್ಬರದ ಗುರುತು, ಇಳಿತದ ಗುರುತುಗಳನ್ನು ತೋರಿಸಿ, ಇಂಥ ಅಳತೆಗಳನ್ನು ಹಗಲಿರುಳೂ ವರ್ಷಗಟ್ಟಲೆ ಬರೆದಿಟ್ಟು ಸರಾಸರಿ ತೆಗೆದರೆ ಸಿಗುವುದೇ ಸಮುದ್ರಮಟ್ಟ ಎಂದು ವಿವರಿಸಿದನು. ಹಾಗೆ ಅಳೆದವರೂ ಇದ್ದರು. ಸರ್ವೇ ಇಲಾಖೆಯು ದೇಶದ ಎತ್ತರಗಳನ್ನು ಒಂದೇ ಲೆಕ್ಕಕ್ಕೆ ತರುವ ಕೆಲಸವನ್ನು 1858ರಲ್ಲಿ ಕೈಗೊಂಡು 1909ರಲ್ಲಿ ಮುಗಿಸಿತು. ಅದಕ್ಕೆ ಆಧಾರವಾದದ್ದು ಒಂಬತ್ತು ಬಂದರುಗಳಲ್ಲಿ ಅಳೆದ ಕಡಲಿನ ಸರಾಸರಿ ಮಟ್ಟ. ಕರಾಚಿ, ಮುಂಬಯಿ, ಕೊಚ್ಚಿ, ಮದರಾಸುಗಳಂಥ ದೊಡ್ಡ ಬಂದರುಗಳ ಆ ಪಟ್ಟಿಯಲ್ಲಿ ಕಾರವಾರದ ಹೆಸರೂ ಇದೆ. ಧಾರವಾಡದ ನಿಲ್ದಾಣದ ಫಲಕದಲ್ಲಿ ಎತ್ತರ ಬರೆಯಲು ಸಾಧ್ಯವಾದದ್ದರಲ್ಲಿ ಇಲ್ಲಿನ ನೀರಿಗೂ ಒಂದು ಪಾಲು ಇದೆಯೆಂದು ತಿಳಿದಾಗ ಆ ಹುಡುಗಿ ಏನೂ ಮಾತಾಡಲಿಲ್ಲ. ಆ ರಾತ್ರಿಯ ಪಾಳಿಯನ್ನು ಮಾತ್ರ ತಾನೇ ಕೇಳಿ ಪಡೆದಳು.

ಮೂರನೆಯ ದಿನದ ಘಟನೆಯನ್ನು ನಾನು ಮರೆಯಲಾರೆ. ಅಂದು ಮಕ್ಕಳನ್ನು ಕಡಲಿಗೆ ಇಳಿಸುವುದೆಂದು ನಿಶ್ಚಯವಾಗಿತ್ತು. ಮಾರ್ಗದರ್ಶಿಯು ತೇಲುಜಾಕೀಟುಗಳನ್ನು ತರಲು ಡೇರೆಗೆ ಹೋಗಿದ್ದ. ಆ ಹೊತ್ತಿನಲ್ಲಿ ಸ್ಥಳವನ್ನು ಆರಿಸುವ ಕೆಲಸವನ್ನು ನಾನೇ ಮೈಮೇಲೆ ಹಾಕಿಕೊಂಡೆ. ದಂಡೆಯುದ್ದಕ್ಕೂ ಅಲೆಗಳು ನೊರೆಯುಗುಳಿ ಒಡೆಯುತ್ತಿದ್ದವು. ಒಂದು ಕಡೆ ಮಾತ್ರ, ಹದಿನೈದಿಪ್ಪತ್ತು ಹೆಜ್ಜೆಗಳ ಅಗಲಕ್ಕೆ, ಅಲೆಗಳೇ ಇರಲಿಲ್ಲ; ನೀರು ನಮ್ಮ ಕೆರೆಯ ನೀರಿನಂತೆ ಶಾಂತವಾಗಿ, ಕೊಂಚ ಕಪ್ಪಾಗಿ ಕಾಣುತ್ತಿತ್ತು. “ಅಲ್ಲಿ ನಿಲ್ಲೋಣ” ಎಂದೆ. ಬಾವಿಯಲ್ಲಿ ಈಜು ಕಲಿತ ಒಬ್ಬ ಹುಡುಗ ಅಂಗಿ ಕಳಚಿ ಎಲ್ಲರಿಗಿಂತ ಮುಂದೆ ಓಡಿದ. ಮೊಣಕಾಲಿನವರೆಗೆ ನೀರು ಬಂದಿತ್ತು. ಅಷ್ಟರಲ್ಲಿ ದಂಡೆಯಲ್ಲಿ ಬಲೆ ಸರಿಮಾಡುತ್ತ ಕುಳಿತಿದ್ದ ಮುದುಕನೊಬ್ಬ ಎದ್ದು ಓಡಿಬಂದು ಅವನ ರಟ್ಟೆಯನ್ನು ಹಿಡಿದೆಳೆದ.

ನಾನು ಬೆಪ್ಪಾಗಿ ನಿಂತಿದ್ದೆ. ಮುದುಕನು ನನ್ನನ್ನು ಬಯ್ಯಲಿಲ್ಲ. ಬಿದ್ದಿದ್ದ ಒಂದು ಒಣ ತೆಂಗಿನ ಸಿಪ್ಪೆಯನ್ನು ಎತ್ತಿ ಅಲೆಗಳು ಒಡೆಯುತ್ತಿದ್ದ ಕಡೆಗೆ ಎಸೆದ. ಅದು ಹೊರಳಾಡುತ್ತ ನಮ್ಮ ಕಾಲ ಬಳಿಗೇ ಬಂತು. ಅದನ್ನೇ ಮತ್ತೆ ಎತ್ತಿ ಶಾಂತವಾದ ನೀರಿಗೆ ಎಸೆದ. ಸಿಪ್ಪೆಯು ಒಂದು ಗಳಿಗೆ ನಿಂತಂತೆ ಕಂಡು, ಬಳಿಕ ಯಾರೋ ಹಗ್ಗ ಕಟ್ಟಿ ಎಳೆದಂತೆ ಕಡಲಿನತ್ತ ಸಾಗಿತು. ನೋಡುತ್ತಿದ್ದಂತೆಯೇ ಅದು ಅಲೆಗಳ ಸಾಲನ್ನು ದಾಟಿ ಒಂದು ಚುಕ್ಕೆಯಾಯಿತು. “ಮಾಸ್ತರರೇ, ಸದ್ದು ಮಾಡುವ ನೀರು ಹೊರಗೆ ತರುತ್ತದೆ, ಸುಮ್ಮನಿರುವ ನೀರು ಒಳಗೆ ಒಯ್ಯುತ್ತದೆ” ಎಂದು ಹೇಳಿ ಅವನು ಬಲೆಯ ಬಳಿಗೆ ಹೋಗಿ ಕುಳಿತ.

ಅಲೆಗಳು ದಂಡೆಗೆ ತಂದು ಸುರಿದ ನೀರು ಎಲ್ಲಿಯಾದರೂ ಹಿಂತಿರುಗಬೇಕಲ್ಲವೆ? ಮರಳಿನ ದಿಬ್ಬಗಳ ನಡುವೆ ಆಳವಾದ ಕಾಲುವೆಯಂಥ ಜಾಗ ಸಿಕ್ಕರೆ ನೀರೆಲ್ಲ ಅಲ್ಲಿಗೇ ನುಗ್ಗಿ ರಭಸದಿಂದ ಕಡಲಿಗೆ ಮರಳುತ್ತದೆ. ಆಳವಿರುವುದರಿಂದ ಅಲ್ಲಿ ಅಲೆ ಒಡೆಯುವುದು ಕಡಿಮೆ. ಆದ್ದರಿಂದಲೇ ಅದು ಶಾಂತವಾಗಿ ಕಾಣುತ್ತದೆ. ಇದನ್ನು ಸೆಳೆತ ಎನ್ನುತ್ತಾರೆ. ಎಂಥ ಈಜುಗಾರನೂ ಇದಕ್ಕೆದುರಾಗಿ ದಂಡೆಗೆ ಈಜಲು ಹೊರಟರೆ ದಣಿದು ಸೋಲುತ್ತಾನೆ. ಸೆಳೆತದ ಅಗಲ ಹೆಚ್ಚಿರುವುದಿಲ್ಲ. ಸಿಕ್ಕಿಕೊಂಡವನು ಗಾಬರಿಯಾಗದೆ ತೇಲುತ್ತ, ಕೈಯೆತ್ತಿ ಸಹಾಯಕ್ಕೆ ಕೂಗಬೇಕು. ಈಜು ಬಲ್ಲವನಾದರೆ ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿ ಅದರಿಂದ ಪಾರಾಗಿ, ಅನಂತರ ಅಲೆಗಳೊಡನೆ ದಂಡೆಗೆ ಬರಬೇಕು. ಬಾವಿ ಕೆರೆಗಳಲ್ಲಿ ಕಲಿತ ಈಜು ಇದನ್ನು ಕಲಿಸುವುದಿಲ್ಲ. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರಕ್ಕೆ ಕೋಲಾರ ಜಿಲ್ಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ಶಾಲಾ ಬಾಲಕಿಯರು ಕಡಲಿನ ಪಾಲಾದರು. ಅವರೂ ನಮ್ಮ ಮಕ್ಕಳಂತೆ ಒಳನಾಡಿನವರು. ಆ ಸುದ್ದಿ ನೆನಪಾದಾಗಲೆಲ್ಲ, “ಅಲ್ಲಿ ನಿಲ್ಲೋಣ” ಎಂದ ನನ್ನ ಮಾತೇ ನನ್ನ ಕಿವಿಯಲ್ಲಿ ಕೇಳಿಸುತ್ತದೆ.

ಅಂದು ಯಾರೂ ನೀರಿಗೆ ಇಳಿಯಲಿಲ್ಲ. ಸಂಜೆಯವರೆಗೆ ಮಕ್ಕಳು ದಂಡೆಯುದ್ದಕ್ಕೂ ಸಿಪ್ಪೆಗಳನ್ನು ಎಸೆದು ಸೆಳೆತಗಳನ್ನು ಹುಡುಕಿ ನಕಾಶೆಯಲ್ಲಿ ಗುರುತಿಸಿದರು. ಮರುದಿನ ನೋಡಿದರೆ ಅವುಗಳಲ್ಲಿ ಒಂದು ತನ್ನ ಜಾಗವನ್ನೇ ಬದಲಿಸಿತ್ತು! ಕಡಲಿನ ನಕಾಶೆಯನ್ನು ದಿನವೂ ಹೊಸದಾಗಿ ಬರೆಯಬೇಕಾಗುತ್ತದೆ.

ಹುಣ್ಣಿಮೆಯ ದಿನ ನಾವು ಮಾಜಾಳಿಯ ಕಡೆಯಿಂದ ಗುಡ್ಡವನ್ನು ಹತ್ತಿ ಇಳಿದು ತೀಳಮಾತಿಗೆ ಹೋದೆವು. ಕೊಂಕಣಿಯಲ್ಲಿ ಆ ಹೆಸರಿಗೆ ಎಳ್ಳಿನ ಮಣ್ಣು ಎಂದರ್ಥ. ಅಲ್ಲಿಯ ಮರಳು ನಿಜವಾಗಿಯೂ ಕರಿ ಎಳ್ಳನ್ನು ಹರವಿದಂತಿದೆ. ಕಪ್ಪು ಬಂಡೆಗಳು ಅಲೆಗಳಿಗೆ ಸವೆದು ಆದ ಮರಳು ಅದು. ಎರೆಭೂಮಿಯ ಮಕ್ಕಳಿಗೆ ಆ ಬಣ್ಣ ಪರಿಚಿತವೆನಿಸಿತೋ ಏನೋ, ಬಹಳ ಹೊತ್ತು ಅದನ್ನು ಮುಷ್ಟಿಯಲ್ಲಿ ಹಿಡಿದು ಸುರಿಯುತ್ತ ಕುಳಿತರು. ಅಂದಿನ ಸಂಜೆಯ ಇಳಿತ ಎಷ್ಟು ಹೊತ್ತಿಗೆ ಬರುವುದೆಂಬುದನ್ನು ಅವರು ವಹಿಯಿಂದ ಮೊದಲೇ ಲೆಕ್ಕ ಹಾಕಿದ್ದರು. ಅದರಂತೆ ನೀರು ಕೆಳಗೆ ಸರಿಯಿತು. ಹಗಲೆಲ್ಲ ಮುಳುಗಿದ್ದ ಬಂಡೆಗಳು ಮೇಲಕ್ಕೆ ಬಂದವು.

ಬಂಡೆಯ ಮೇಲೆ ಜೀವಿಗಳು ಮಹಡಿಮನೆಯಲ್ಲಿದ್ದಂತೆ ಹಂತ ಹಂತವಾಗಿ ವಾಸವಾಗಿರುತ್ತವೆ. ತೀರ ಮೇಲೆ, ಅಲೆಯ ತುಂತುರು ಮಾತ್ರ ತಗಲುವಲ್ಲಿ, ಬಟಾಣಿಯಷ್ಟು ಸಣ್ಣ ಶಂಖದ ಹುಳುಗಳು. ಅದರ ಕೆಳಗೆ ಬಂಡೆಗೆ ಸುಣ್ಣ ಮೆತ್ತಿದಂತೆ ಬಿಳಿಯ ಬಾರ್ನಕಲ್‌ಗಳು ಮತ್ತು ಸಿಂಪಿಗಳು. ಇನ್ನೂ ಕೆಳಗೆ ಕಡಲ ಪಾಚಿಗಳು. ಹೆಚ್ಚು ಹೊತ್ತು ಒಣಗಿರಬಲ್ಲವು ಮೇಲೆ, ತಾಳಲಾರದವು ಕೆಳಗೆ. ಗಳುವಿನ ಮೇಲೆ ನಾವು ಬಣ್ಣದಿಂದ ಬರೆದುದನ್ನೇ ಬಂಡೆಯ ಮೇಲೆ ಜೀವಿಗಳು ಬರೆದಿದ್ದವು. ಬಾರ್ನಕಲ್ ನೋಡಲು ಕಲ್ಲಿನ ಹುಣ್ಣಿನಂತಿದ್ದರೂ ಅದು ಏಡಿ ಸೀಗಡಿಗಳ ಬಳಗಕ್ಕೆ ಸೇರಿದ್ದು. ಎಳೆಯದಾಗಿದ್ದಾಗ ಈಜಾಡಿ, ಒಳ್ಳೆಯ ಜಾಗ ಕಂಡೊಡನೆ ತಲೆಯನ್ನು ಬಂಡೆಗೆ ಅಂಟಿಸಿಕೊಂಡು, ಜೀವಮಾನವೆಲ್ಲ ಕಾಲುಗಳಿಂದ ಆಹಾರವನ್ನು ಬಾಚಿಕೊಳ್ಳುತ್ತದೆ. ಚಾರ್ಲ್ಸ್ ಡಾರ್ವಿನ್ನನು 1846ರಿಂದ ಎಂಟು ವರ್ಷಗಳ ಕಾಲ ಈ ಒಂದು ಪ್ರಾಣಿವರ್ಗವನ್ನೇ ಅಭ್ಯಸಿಸಿದನೆಂದರೆ ಅದರ ಸ್ವಾರಸ್ಯ ಎಷ್ಟಿರಬೇಕು! ಒಂದು ಹೊಂಡದಲ್ಲಿ ಸನ್ಯಾಸಿ ಏಡಿಯೊಂದು ಬೇರೆ ಯಾರೋ ಬಿಟ್ಟುಹೋದ ಶಂಖವನ್ನು ಹೊತ್ತು ತಿರುಗುತ್ತಿತ್ತು. ಮನೆಯನ್ನು ಬೆನ್ನಿಗೇರಿಸಿಕೊಂಡ ಅದಕ್ಕೆ ಸನ್ಯಾಸಿಯೆಂದು ಹೆಸರಿಟ್ಟವರು ಯಾರೋ ಕಾಣೆ. ನೋಡಿದ್ದನ್ನು ಬರೆಯಬೇಕು, ಚಿತ್ರ ತೆಗೆಯಬೇಕು, ಎತ್ತಿದ ಕಲ್ಲನ್ನು ಇದ್ದಂತೆಯೇ ಇಡಬೇಕು, ಶಂಖಗಳನ್ನು ಮನೆಗೆ ಒಯ್ಯಬಾರದು ಎಂಬುದು ಶಿಬಿರದ ನಿಯಮ. ಶಂಖಗಳು ಕಡಿಮೆಯಾದರೆ ಈ ಏಡಿಗಳಿಗೆ ಮನೆಯಿಲ್ಲ.

ಕತ್ತಲಾಗುವ ಮೊದಲು ನೀರು ಮತ್ತೆ ತಿರುಗಿತು. ಹೊರಡಲು ನಾನು ಕೂಗಬೇಕಾಗಲಿಲ್ಲ. ಬಾವಿಯಲ್ಲಿ ಈಜು ಕಲಿತ ಆ ಹುಡುಗನೇ ಕೈಗಡಿಯಾರವನ್ನೂ ವಹಿಯನ್ನೂ ನೋಡಿ, “ಸಾಕ್ರಿ ಸರ, ಇನ್ನ ಬಂಡಿ ಮುಳಗತಾವ” ಎಂದು ಎಲ್ಲರನ್ನೂ ಗುಡ್ಡದ ದಾರಿಗೆ ಹತ್ತಿಸಿದ. ಹುಣ್ಣಿಮೆಯ ಬೆಳಕಿನಲ್ಲಿ ಗುಡ್ಡವನ್ನು ದಾಟಿದೆವು.

ಕೊನೆಯ ದಿನ, ಗಳುವನ್ನು ಕಿತ್ತುಬಿಡುವುದೋ ಅಲ್ಲಿಯೇ ಬಿಡುವುದೋ ಎಂಬ ಚರ್ಚೆ ನಡೆಯಿತು. ಬಲೆ ನೇಯುವ ಮುದುಕನು ಅದನ್ನು ತನಗೆ ಕೊಡಿರೆಂದು ಕೇಳಿದ. ದೋಣಿಗೆ ಜಲ್ಲೆಯಾಗಿ ಬಳಸಬಹುದೆಂದ. ಹಾಗೆ ಅದು ಅಲ್ಲಿಯೇ ಉಳಿಯಿತು. ವಹಿ ಮಾತ್ರ ನಮ್ಮೊಡನೆ ಬಂತು.

ಜೂನ್ ತಿಂಗಳಿನಲ್ಲಿ ಶಾಲೆ ಸುರುವಾಗಿ ಮೊದಲ ದೊಡ್ಡ ಮಳೆ ಬಿದ್ದ ದಿನ, ರಾಯಾಪುರದ ರಸ್ತೆಯ ಬದಿಯಲ್ಲಿ ನಾಲ್ಕಾರು ಮಕ್ಕಳು ತೊಯ್ಯುತ್ತ ನಿಂತಿದ್ದರು. ಗಟಾರದ ನೀರಿಗೆ ಕಾಗದದ ಚೂರುಗಳನ್ನು ಬಿಟ್ಟು, ಅವು ಯಾವ ಕಡೆಗೆ ಹೋಗುತ್ತವೆ ಎಂದು ನೋಡುತ್ತಿದ್ದರು. ಒಂದು ಚೂರು ಪೂರ್ವಕ್ಕೆ ಹೋಯಿತೆಂದು ಒಬ್ಬಳು, ಇಲ್ಲ, ಮುಂದೆ ತಿರುವಿನಲ್ಲಿ ಅದು ಪಶ್ಚಿಮಕ್ಕೆ ಹೊರಳಿತೆಂದು ಇನ್ನೊಬ್ಬ. ಅವರ ವಾದ ಮುಗಿಯುವ ಮುಂಚೆಯೇ ಶಾಲೆಯ ಗಂಟೆ ಬಾರಿಸಿತು.