ಸ್ಲಾಟ್ ಯಾರದು?

ಮೈಸೂರಿನ ಬೋಗಾದಿಯಲ್ಲಿ ನಾನು ನಡೆಸಿಕೊಂಡು ಬಂದ ಬಿಜಿಎಂಐ ಟೂರ್ನಿಗಳಲ್ಲಿ ಹ್ಯಾಕ್ ಹಾಕಿ ಆಡಿದರು ಅನ್ನುವ ದೂರು ಬಂದದ್ದು ಕಡಿಮೆ. ನೆಟ್‌ವರ್ಕ್ ಕೈಕೊಟ್ಟಿತು, ಪಾಯಿಂಟ್ ತಪ್ಪಾಗಿ ಕೂಡಿದ್ದೀರಿ ಅನ್ನುವವರು ಇದ್ದೇ ಇದ್ದರು, ಅವೆಲ್ಲ ಐದು ನಿಮಿಷದಲ್ಲಿ ಮುಗಿಯುವ ಮಾತು. ಹುಡುಗರು ಮುಖ ಕೆಂಪಗೆ ಮಾಡಿಕೊಂಡು ಕಾಲರ್ ಹಿಡಿಯುವವರೆಗೆ ಹೋದದ್ದು ಒಂದೇ ವಿಷಯಕ್ಕೆ: ಸಬ್. ಯಾರ ಬದಲಿಗೆ ಯಾರು ಆಡಬಹುದು, ಯಾವಾಗಿನವರೆಗೆ ಬದಲಿಸಬಹುದು, ಬದಲಿಸುವ ಹಕ್ಕು ಯಾರ ಕೈಯಲ್ಲಿದೆ.

ರಿಂಗ್ ರೋಡಿಗೆ ಸ್ವಲ್ಪ ಈಚೆ ನನ್ನದೊಂದು ಮೊಬೈಲ್ ಅಂಗಡಿ. ರೀಚಾರ್ಜು, ಟೆಂಪರ್ಡ್ ಗ್ಲಾಸು, ಒಡೆದ ಡಿಸ್‌ಪ್ಲೇ ಬದಲಿಸುವ ಕೆಲಸ. ಎಸ್‌ಜೆಸಿಇ, ಮಾನಸಗಂಗೋತ್ರಿಯ ಹುಡುಗರಲ್ಲಿ ಎಷ್ಟೋ ಜನ ರೂಮು ಮಾಡುವುದು ನಮ್ಮ ಕಡೆಯೇ, ಹಾಗಾಗಿ ಅಂಗಡಿ ಮುಂದೆ ಸಂಜೆ ಹೊತ್ತು ಯಾವಾಗಲೂ ನಾಲ್ಕು ಜನ ಇರುತ್ತಾರೆ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್ 2ರಂದು ನಿಷೇಧವಾಗಿ, ಅದೇ ಆಟ ಬಿಜಿಎಂಐ ಹೆಸರಲ್ಲಿ 2021ರ ಜುಲೈ 2ಕ್ಕೆ ವಾಪಸ್ ಬಂದಾಗ ಇವರೇ ಹಿಂದೆ ಬಿದ್ದರು. "ಅಣ್ಣಾ, ಒಂದು ಟೂರ್ನಿ ಇಡಿ. ಬಹುಮಾನ ನಿಮ್ದು, ಓಡಾಟ ನಮ್ದು." ಬಹುಮಾನ ಅಂದರೆ ಒಂದಿಷ್ಟು ದುಡ್ಡು, ಕೂಲಿಂಗ್ ಫ್ಯಾನು, ಇಯರ್‌ಫೋನು. ಹದಿನಾರು ಟೀಮು, ಟೀಮಿಗೆ ನಾಲ್ವರು. ಕಿಲ್ಲಿಗೆ ಒಂದು ಪಾಯಿಂಟು, ಕೊನೆವರೆಗೆ ಉಳಿದ ಟೀಮಿಗೆ ಹತ್ತು. ಕ್ವಾಲಿಫೈಯರ್ ಅವರವರ ರೂಮಿನಿಂದ, ಫೈನಲ್ ಮಾತ್ರ ಅಂಗಡಿ ಮೇಲಿನ ಹಾಲಿನಲ್ಲಿ, ನನ್ನ ಕಣ್ಣೆದುರು.

ನಿಯಮ ಅಂತ ನಮಗೆ ಇದ್ದದ್ದು ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಒಂದು ಪಿಡಿಎಫ್. ಅದರಲ್ಲಿ ಒಂದು ಸಾಲು: ಫೈನಲ್‌ಗೆ ಮುಂಚೆ ಕ್ಯಾಪ್ಟನ್ ಇಬ್ಬರವರೆಗೆ ಬದಲಿಸಬಹುದು. ಓದಿದಾಗ ಯಾರಿಗೂ ಅದರಲ್ಲಿ ಹುಳುಕು ಕಾಣಲಿಲ್ಲ.

ಒಂದು ಫೈನಲ್ ದಿನ ರಿಂಗ್ ರೋಡ್ ಆಚೆಯ ಒಂದು ಟೀಮು ಬಂತು. ಜೊತೆಗೊಬ್ಬ ಹೊಸಬ, ಬೆಂಗಳೂರಿನವನು, ಆಟದ ಅತಿ ಮೇಲಿನ ಟಿಯರ್ ಆದ ಕಾಂಕರರ್ ಮುಟ್ಟಿದವನು, ಕೈಯಲ್ಲಿ ನನ್ನ ಅಂಗಡಿಯಲ್ಲಿ ಯಾರೂ ಕೇಳದಷ್ಟು ದುಬಾರಿ ಫೋನು. ಕ್ವಾಲಿಫೈಯರ್ ಪೂರ್ತಿ ಆಡಿದ್ದ ಹುಣಸೂರು ಕಡೆಯ ಹುಡುಗನೂ ಬಂದಿದ್ದ. ತನ್ನ ಜಾಗ ಹೋದದ್ದು ಅವನಿಗೆ ಗೊತ್ತಾದದ್ದು ಮೆಟ್ಟಿಲ ಮೇಲೆ. ಬೆರಳಿಗೆ ಸಿಕ್ಕಿಸುವ ಕಪ್ಪು ಸ್ಲೀವ್ ಆಗಲೇ ಹಾಕಿಕೊಂಡಿದ್ದ, ಎರಡೂ ಹೆಬ್ಬೆರಳಿಗೆ. ಮಾತಾಡದೆ ಒಂದೊಂದೇ ತೆಗೆದು ಚಾರ್ಜರ್ ಇದ್ದ ಕವರಿಗೆ ಹಾಕಿದ. ಯಾಕಪ್ಪ ಹೀಗೆ ಮಾಡಿದ್ರಿ ಅಂದರೆ ಕ್ಯಾಪ್ಟನ್ ಫೋನ್ ತಿರುಗಿಸಿ ಸ್ಕೋರ್ ತೋರಿಸಿದ: "ಇವನ ಕಿಲ್ ನೋಡಿ ಅಣ್ಣ, ಏನೂ ಇಲ್ಲ. ಸ್ಲಾಟ್ ನಮ್ಮ ಟೀಮಿಂದು. ಯಾರನ್ನ ಆಡಿಸ್ತೀವಿ ಅನ್ನೋದು ನಮ್ಮಿಷ್ಟ."

ಕಿಲ್ ಇಲ್ಲದ್ದು ನಿಜ. ಆ ಹುಡುಗ ಸಪೋರ್ಟ್. ಬಯಲಲ್ಲಿ ಸ್ಮೋಕ್ ಎಸೆದು ಬಿದ್ದವನನ್ನು ಎಬ್ಬಿಸುವುದು, ಝೋನ್ ಮುಚ್ಚುವ ಮುಂಚೆ ಗಾಡಿ ತಂದು ನಿಲ್ಲಿಸುವುದು ಅವನ ಕೆಲಸ, ಇವು ಯಾವ ಸ್ಕೋರ್ ಪಟ್ಟಿಯಲ್ಲೂ ಬರುವುದಿಲ್ಲ. ಸಬ್ ನಿಯಮ ಸಡಿಲ ಇದ್ದಲ್ಲೆಲ್ಲ ಮೊದಲು ಹೊರಗೆ ಬೀಳುವವನು ಸಪೋರ್ಟ್ ಆಡುವವನೇ ಅನ್ನುವುದನ್ನು ಆಮೇಲೂ ಎಷ್ಟೋ ಸಲ ನೋಡಿದೆ.

ಅಷ್ಟರಲ್ಲಿ ಇನ್ನೊಂದು ಟೀಮಿನವರು ಎದ್ದರು. ಅವರಿಗೆ ಈ ಹುಡುಗನ ಪರಿಚಯವೂ ಇಲ್ಲ. ಅವರ ತಕರಾರು ಬೇರೆ: "ಕ್ವಾಲಿಫೈಯರ್‌ನಲ್ಲಿ ನಮ್ಮ ಜೊತೆ ಆಡಿ ಗೆದ್ದು ಬಂದೋರು ಬೇರೆ, ಇಲ್ಲಿ ಕೂತಿರೋರು ಬೇರೆ. ಇವರು ಹೀಗೇ ಬಂದಿದ್ದರೆ ನಾವೂ ಯಾರನ್ನಾದ್ರೂ ಕರ್ಕೊಂಡು ಬರ್ತಿದ್ವಿ." ನನಗೆ ಹೆಚ್ಚು ನಾಟಿದ್ದು ಈ ಮಾತು. ಹೊರಗೆ ಹಾಕಿಸಿಕೊಂಡವನಿಗೆ ಆದ ಅನ್ಯಾಯ ಕಣ್ಣಿಗೆ ಕಾಣುತ್ತದೆ, ಅಯ್ಯೋ ಅನಿಸುತ್ತದೆ. ಎದುರಾಳಿಗೆ ಆದದ್ದು ಲೆಕ್ಕಕ್ಕೇ ಬರುವುದಿಲ್ಲ. ಅವತ್ತು ನಿಯಮದ ಪ್ರಕಾರ ಕ್ಯಾಪ್ಟನ್ ಮಾಡಿದ್ದು ಸರಿ, ಆಟವೂ ನಡೆಯಿತು. ಆ ಟೀಮು ಗೆಲ್ಲಲೂ ಇಲ್ಲ. ಹೊಸಬನಿಗೆ ಉಳಿದ ಮೂವರ ಕಾಲಿಂಗ್ ಅರ್ಥವಾಗುತ್ತಿರಲಿಲ್ಲ.

ಮರುವಾರ ಲಾಂಗ್ ನೋಟ್‌ಬುಕ್ ಒಂದು ತಂದೆ. ಪುಟಕ್ಕೊಂದು ಟೀಮು. ನಾಲ್ವರು ಆಡುವವರು, ಇಬ್ಬರು ಸಬ್, ಪ್ರತಿಯೊಬ್ಬರ ಯುಐಡಿ (ಆಟದೊಳಗಿನ ಗುರುತಿನ ಸಂಖ್ಯೆ), ಪಕ್ಕದಲ್ಲಿ ಅವರವರ ಸಹಿ. ಕ್ಯಾಪ್ಟನ್ ಎಲ್ಲರ ಪರವಾಗಿ ಹಾಕುವಂತಿಲ್ಲ. ಮೊದಲ ಮ್ಯಾಚಿನ ರೂಮ್ ಐಡಿ ಕೊಡುವ ಮುಂಚೆ ಪುಟ ಮುಚ್ಚಿತು, ಆಮೇಲೆ ಹೊಸ ಹೆಸರಿಲ್ಲ. ಫೈನಲ್‌ನಲ್ಲಿ ಕೂರುವ ನಾಲ್ವರಲ್ಲಿ ಮೂವರಾದರೂ ಕ್ವಾಲಿಫೈಯರ್ ಆಡಿದವರಾಗಿರಬೇಕು. ಆಡಿದವನನ್ನು ಹೊರಗಿಡುವುದಾದರೆ ಅವನೇ ಬಂದು ಒಪ್ಪಿ ಸಹಿ ಹಾಕಬೇಕು.

ಇದೇನು ನನ್ನ ತಲೆಯಿಂದ ಉದುರಿದ್ದಲ್ಲ. ಕೌಂಟರ್ ಸ್ಟ್ರೈಕ್‌ನ ಮೇಜರ್ ಟೂರ್ನಿಗಳಲ್ಲಿ ಐವರಲ್ಲಿ ಮೂವರು ಉಳಿದಿದ್ದರೆ ಮಾತ್ರ ಗಳಿಸಿದ ಸ್ಥಾನ ಉಳಿಯುತ್ತದೆ ಅನ್ನುವ ಪದ್ಧತಿ ವರ್ಷಗಳ ಕಾಲ ನಡೆದು ಬಂದಿದೆ. ಸಂಬಳ ಕೊಡುವ ಸಂಸ್ಥೆ ಎಷ್ಟೇ ದೊಡ್ಡದಿರಲಿ, ಸ್ಥಾನ ಆಡಿದವರ ಜೊತೆ ಹೋಗುತ್ತದೆ. ಡೋಟಾ 2ರಲ್ಲಿ ಇನ್ನೂ ಖಾರ. ಆ ಆಟದ ಅತಿ ದೊಡ್ಡ ಟೂರ್ನಿಯಾದ ದಿ ಇಂಟರ್‌ನ್ಯಾಷನಲ್‌ಗೆ 2018ರಲ್ಲಿ ಮೂರು ತಿಂಗಳಿಗಿಂತ ಕಡಿಮೆ ಇದ್ದಾಗ ಓಜಿ ತಂಡದ ಇಬ್ಬರು, ಎಸ್4 ಮತ್ತು ಫ್ಲೈ, ಈವಿಲ್ ಜೀನಿಯಸಸ್‌ಗೆ ಹೋದರು. ಆಟಗಾರರ ಪಟ್ಟಿಗೆ ಬೀಗ ಬಿದ್ದ ಮೇಲೆ ಆದ ಬದಲಾವಣೆ, ಹಾಗಾಗಿ ನೇರ ಪ್ರವೇಶದ ಬಾಗಿಲು ಎರಡೂ ತಂಡಕ್ಕೆ ಮುಚ್ಚಿತು. ಬಿಟ್ಟುಹೋದವರನ್ನು ಸೇರಿಸಿಕೊಂಡವರೂ ಯಾರು ಬೇಕಾದರೂ ಆಡಬಹುದಾದ ಓಪನ್ ಕ್ವಾಲಿಫೈಯರ್‌ಗೆ ಬರಬೇಕಾಯಿತು, ಕಳೆದುಕೊಂಡವರೂ ಬರಬೇಕಾಯಿತು. ಓಜಿ ತನ್ನ ಕೋಚ್ ಸೆಬ್‌ನನ್ನೇ ಆಟಕ್ಕಿಳಿಸಿ, ಅನಾನನ್ನು ವಾಪಸ್ ಕರೆಸಿ, ದೊಡ್ಡ ವೇದಿಕೆ ಕಾಣದ ಟಾಪ್‌ಸನ್‌ನನ್ನು ತಂದು, ತಳದಿಂದ ಆಡಿಕೊಂಡು ಬಂದು ವ್ಯಾಂಕೂವರ್‌ನಲ್ಲಿ ಕಪ್ ಗೆದ್ದಿತು. ದಾರಿಯಲ್ಲಿ ಈವಿಲ್ ಜೀನಿಯಸಸ್ ತಂಡವನ್ನೂ ಸೋಲಿಸಿತು. ನನ್ನ ಹುಡುಗರಿಗೆ ಈ ಕಥೆಯಲ್ಲಿ ಹಿಡಿಸುವುದು ಸೇಡು. ನನಗೆ ಹಿಡಿಸಿದ್ದು ಆ ನಿಯಮದ ಬುದ್ಧಿ. ಬದಲಿಸಬೇಡ ಅನ್ನಲಿಲ್ಲ ಅದು. ಬದಲಿಸು, ಆದರೆ ಹಳೆಯ ಐವರು ಗಳಿಸಿದ್ದನ್ನು ಹೊಸ ಐವರು ತಿನ್ನುವಂತಿಲ್ಲ ಅಂದಿತು.

ಎಂಟ್ರಿ ಫೀಸಿನ ಕಥೆಯೂ ಇಲ್ಲೇ ಬರುತ್ತದೆ. ಮೊದಮೊದಲು ಟೀಮಿಗೆ ಇಷ್ಟು ಅಂತ ತೆಗೆದುಕೊಳ್ಳುತ್ತಿದ್ದೆವು, ಫೋನ್‌ಪೇ ಮಾಡುತ್ತಿದ್ದವನು ಕ್ಯಾಪ್ಟನ್. 2021ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಪಣಕ್ಕಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ನಮ್ಮದು ಅದರಡಿ ಬರುತ್ತದೋ ಇಲ್ಲವೋ ಅಂತ ವಕೀಲರ ಹತ್ತಿರ ಹೋಗುವಷ್ಟು ದೊಡ್ಡ ಟೂರ್ನಿ ಅಲ್ಲ, ಫೀಸನ್ನೇ ನಿಲ್ಲಿಸಿದೆ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು, ನಾನು ಮಾತ್ರ ಫೀಸು ಮತ್ತೆ ಶುರು ಮಾಡಲಿಲ್ಲ. ಕಾರಣ ಕಾನೂನಲ್ಲ. ಫೀಸು ನಿಂತ ಮೇಲೆ "ದುಡ್ಡು ಕಟ್ಟಿದ್ದು ನಾನು, ಸ್ಲಾಟ್ ನಂದು" ಅನ್ನುವ ಮಾತೂ ನಿಂತಿತ್ತು.

ಹಾಗಂತ ಬಿಗಿ ನಿಯಮ ಎಲ್ಲವನ್ನೂ ಸರಿ ಮಾಡಿತು ಅಂದುಕೊಳ್ಳಬೇಡಿ. ಕಾಲೇಜು ಹುಡುಗರಿಗೆ ಇಂಟರ್ನಲ್ಸ್ ಬರುತ್ತದೆ, ಲ್ಯಾಬ್ ಎಕ್ಸಾಮ್ ದಿನ ಬದಲಾಗುತ್ತದೆ, ದಸರಾ ರಜೆಗೆ ಇಬ್ಬರು ಊರಿಗೆ ಹೋದರೆ ಮೂವರ ಲೆಕ್ಕ ತಪ್ಪುತ್ತದೆ. ಸಬ್ ಹೆಸರು ಹೆಚ್ಚು ಬರೆಸಿಕೊಳ್ಳಿ ಅಂದರೆ ಅದು ಸುತ್ತಿ ಬಳಸಿ ದೊಡ್ಡ ಟೀಮಿಗೇ ಅನುಕೂಲ. ಒಂದೇ ರೂಮಿನ ನಾಲ್ವರು ಗೆಳೆಯರಿಗೆ ಐದನೆಯವನು ಸಿಗುವುದೇ ಕಷ್ಟ, ಆರನೆಯವನನ್ನು ಎಲ್ಲಿಂದ ತರುತ್ತಾರೆ? ದೊಡ್ಡ ಆಟದಲ್ಲಾದರೆ ಕಾಯಿಸಿ ಕೂರಿಸಿದವನೂ ಒಂದು ಅಸ್ತ್ರ. 2016ರ ಲೀಗ್ ಆಫ್ ಲೆಜೆಂಡ್ಸ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಎಸ್‌ಕೆಟಿ ತಂಡ ಬ್ಲ್ಯಾಂಕ್‌ನನ್ನು ಕೂರಿಸಿ ಬೆಂಗಿಯನ್ನು ಇಳಿಸಿ, ಸೋಲುತ್ತಿದ್ದ ಸರಣಿಯನ್ನು 3-2ರಲ್ಲಿ ಗೆದ್ದಿತು. ಬೆಂಗಿ ಸಂಬಳದ ಮೇಲೆ ಅದಕ್ಕೇ ತಯಾರಾಗಿ ಕೂತಿದ್ದವನು. ನಮ್ಮಲ್ಲಿ ಸಬ್ ಅಂದರೆ ಬಸ್ಸು ತಪ್ಪಿದವನ ಜಾಗಕ್ಕೆ ಓಡಿ ಬರುವವನು. ಇಬ್ಬರಿಗೂ ಒಂದೇ ನಿಯಮ ಹೊಂದುವುದಿಲ್ಲ.

ತುರ್ತಿಗೆ ಬರುವವನು ಎಂಥವನಿರಬೇಕು ಅನ್ನುವ ಪ್ರಶ್ನೆಗೆ ನಮ್ಮ ಹಾಲಿನಲ್ಲಿ ದಾರಿ ತೋರಿಸಿದ್ದು ಕ್ರಿಕೆಟ್. 2025ರ ಜನವರಿ 31, ಪುಣೆಯಲ್ಲಿ ಇಂಗ್ಲೆಂಡ್ ಮೇಲೆ ಟಿ20. ಶಿವಂ ದುಬೆ ಹೆಲ್ಮೆಟ್‌ಗೆ ಚೆಂಡು ಬಡಿಸಿಕೊಂಡ, ಅವನ ಬದಲಿಗೆ ಕನ್ಕಷನ್ ಸಬ್ ಆಗಿ ಬಂದದ್ದು ವೇಗಿ ಹರ್ಷಿತ್ ರಾಣಾ. ಬಂದು ಮೂರು ವಿಕೆಟ್ ಕಿತ್ತ, ಭಾರತ 15 ರನ್ನಿನಿಂದ ಗೆದ್ದಿತು. ಇದೆಂಥ ಸರಿಸಾಟಿ ಬದಲಿ ಅಂತ ಆಗಿನ ಇಂಗ್ಲೆಂಡ್ ನಾಯಕ ಜೋಸ್ ಬಟ್ಲರ್ ಬಹಿರಂಗವಾಗಿಯೇ ಕೇಳಿದ. ಆ ಪಂದ್ಯದ ರೆಫರಿ ನಮ್ಮ ಜಾವಗಲ್ ಶ್ರೀನಾಥ್, ಮೈಸೂರಿನವರು, ಓದಿದ್ದು ನಮ್ಮ ಪಕ್ಕದ ಎಸ್‌ಜೆಸಿಇಯಲ್ಲೇ. ಅಂದ ಮೇಲೆ ಅಂಗಡಿ ಮುಂದೆ ವಾದ ಎಷ್ಟು ಜೋರಾಗಿರಬೇಡ! ಒಬ್ಬ ಹೇಳಿದ, ದುಬೆಯೂ ಬೌಲಿಂಗ್ ಮಾಡ್ತಾನಲ್ಲ, ರೂಲ್ ಒಪ್ಪುತ್ತೆ. ಇನ್ನೊಬ್ಬ ಬಿಡಲಿಲ್ಲ, ತಂಡದಲ್ಲಿ ರಮಣದೀಪ್ ಸಿಂಗ್ ಇದ್ದ, ಅವನನ್ನ ಯಾಕೆ ಇಳಿಸಲಿಲ್ಲ ಅಂತ. ಮೂರನೆಯವನು 2020ರ ಕ್ಯಾನ್‌ಬೆರಾ ಪಂದ್ಯ ಎಳೆದು ತಂದ: ಜಡೇಜ ಬದಲಿಗೆ ಬಂದ ಚಾಹಲ್ ಮೂರು ವಿಕೆಟ್ ತೆಗೆದು ಪಂದ್ಯಶ್ರೇಷ್ಠನೇ ಆಗಿಬಿಟ್ಟಿದ್ದ. ಐಸಿಸಿ ನಿಯಮ ಹೇಳುವುದು ಇಷ್ಟು: ಬದಲಿ ಆಟಗಾರ ಸರಿಸಾಟಿಯಾಗಿರಬೇಕು, ಅವನಿಂದ ತಂಡಕ್ಕೆ ಅತಿಯಾದ ಲಾಭ ಆಗಬಾರದು, ತೀರ್ಮಾನ ರೆಫರಿಯದು. ಅತಿ ಅಂದರೆ ಎಷ್ಟು ಅನ್ನುವುದಕ್ಕೆ ಅಳತೆ ಇಲ್ಲ. ಜಗಳ ಹುಟ್ಟಿದ್ದೇ ಆ ಸಂದಿಯಲ್ಲಿ.

ನಾವು ಆ ಸಂದಿಯನ್ನು ಒಂದು ಒರಟು ಅಳತೆಯಿಂದ ಮುಚ್ಚಿದೆವು. ಪುಸ್ತಕದಲ್ಲಿ ಹೆಸರಿಲ್ಲದವನು ತುರ್ತಿಗೆ ಬರಬೇಕಾದರೆ ಅವನ ಟಿಯರ್ ಹೋದವನ ಟಿಯರ್‌ಗಿಂತ ಮೇಲಿರಬಾರದು, ಹಾಜರಿದ್ದ ಉಳಿದ ಟೀಮುಗಳ ಕ್ಯಾಪ್ಟನ್‌ಗಳಲ್ಲಿ ಹೆಚ್ಚಿನವರು ಹೂಂ ಅನ್ನಬೇಕು. ಟಿಯರ್ ನಂಬುವ ಅಳತೆಯಲ್ಲ, ದಿನಪೂರ್ತಿ ಆಡಿದವನು ಮೇಲೆ ಹೋಗುತ್ತಾನೆ, ಕೆಲಸಕ್ಕೆ ಹೋಗುವ ಒಳ್ಳೆ ಆಟಗಾರ ಕೆಳಗೇ ಇರುತ್ತಾನೆ. ಆದರೂ ತೀರ್ಮಾನ ನನ್ನೊಬ್ಬನ ಮೇಲೆ ಬೀಳುವುದಿಲ್ಲವಲ್ಲ, ಅದು ಸಮಾಧಾನ. ಎದುರಾಳಿಗಳ ಒಪ್ಪಿಗೆ ಕೇಳಿದರೆ ಎಲ್ಲರೂ ಬೇಡವೆಂದೇ ಅನ್ನುತ್ತಾರೆ ಅಂತ ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಅಜ್ಜಿ ತೀರಿಕೊಂಡು ಒಬ್ಬ ಎಚ್.ಡಿ. ಕೋಟೆಗೆ ಓಡಿದಾಗ ಎಲ್ಲರೂ ಕೈ ಎತ್ತಿದರು. ಕಾರಣ ಖರೆ ಅನಿಸಿದರೆ ಹುಡುಗರು ಉದಾರಿಗಳೇ.

ಸಹಿ, ಸಂಖ್ಯೆ, ಟಿಯರ್ ಇವೆಲ್ಲವನ್ನೂ ಒಂದೇ ಏಟಿಗೆ ಬುಡಮೇಲು ಮಾಡುವ ಉಪಾಯ ಇನ್ನೊಂದಿದೆ. ಪಟ್ಟಿಯಲ್ಲಿ ಹೆಸರು ಬದಲಾಗುವುದೇ ಇಲ್ಲ, ಕೈ ಬದಲಾಗುತ್ತದೆ. ಆನ್‌ಲೈನ್ ಕ್ವಾಲಿಫೈಯರ್‌ನಲ್ಲಿ ನನಗೆ ಕಾಣುವುದು ಯುಐಡಿ ಮಾತ್ರ, ಆ ಫೋನನ್ನು ಹಿಡಿದವನು ಯಾರು ಅಂತ ದೇವರಿಗೇ ಗೊತ್ತು. ಒಬ್ಬನದಂತೂ ಸಿಕ್ಕಿಬಿದ್ದ ರೀತಿ ತಮಾಷೆ. ನಾಲ್ಕು ಬೆರಳಲ್ಲಿ ಆಡುವವನ ಬಟನ್ ಜೋಡಣೆ ಇದ್ದ ಐಡಿ, ಫೈನಲ್‌ಗೆ ಬಂದು ಕೂತವನು ಎರಡೇ ಹೆಬ್ಬೆರಳಲ್ಲಿ ಒದ್ದಾಡುತ್ತಿದ್ದ, ಫೈರ್ ಬಟನ್ ಹುಡುಕುವುದರಲ್ಲೇ ಎರಡು ಸಲ ಸತ್ತ. ಅಂದಿನಿಂದ ಕ್ವಾಲಿಫೈಯರ್‌ನಲ್ಲೂ ಟೀಮಿಗೊಬ್ಬ, ಆಡುವ ಕೈಯನ್ನು ತೋರಿಸುವ ಹ್ಯಾಂಡ್‌ಕ್ಯಾಮ್ ಇಡಬೇಕು. ಯಾರು ಅನ್ನುವುದನ್ನು ಮ್ಯಾಚಿಗೆ ಹತ್ತು ನಿಮಿಷ ಮುಂಚೆ ನಾನು ಹೇಳುತ್ತೇನೆ. ಎರಡನೇ ಫೋನ್ ಇಲ್ಲದವರಿಗೆ ಅಂಗಡಿಯ ಹಳೆ ಸೆಟ್ಟೊಂದನ್ನು ಕೊಟ್ಟು ಕಳಿಸುತ್ತೇನೆ.

2022ರ ಜುಲೈ 28ರಂದು ಆಟವೇ ಪ್ಲೇ ಸ್ಟೋರ್‌ನಿಂದ ಮಾಯವಾಯಿತು. ಫೋನಿನಲ್ಲಿ ಮೊದಲೇ ಇದ್ದವರಿಗೆ ನಡೆಯುತ್ತಿತ್ತು, ಹೊಸ ಫೋನ್ ತೆಗೆದವನು ಸ್ಟೋರ್‌ಗೆ ಹೋದರೆ ಸಿಗುತ್ತಿರಲಿಲ್ಲ. ಆ ತಿಂಗಳುಗಳಲ್ಲಿ ಟೀಮಿನ ಒಳ್ಳೆ ಆಟಗಾರ ಯಾರು ಅನ್ನುವುದಕ್ಕಿಂತ ಯಾರ ಹಳೆ ಫೋನ್ ಇನ್ನೂ ಬದುಕಿದೆ ಅನ್ನುವುದೇ ಆಯ್ಕೆ ಮಾಡುತ್ತಿತ್ತು. ಡಿಸ್‌ಪ್ಲೇ ಬದಲಿಸಲು ಬಂದವರು "ರೀಸೆಟ್ ಮಾತ್ರ ಮಾಡ್ಬೇಡಿ ಅಣ್ಣ" ಅಂತ ಕೈ ಮುಗಿಯುತ್ತಿದ್ದರು. 2023ರ ಮೇ ತಿಂಗಳಲ್ಲಿ ವಾಪಸ್ ಬಂದಾಗ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ ಮಿತಿ ಹಾಕಿದ್ದರು. ಪಿಯುಸಿ ಹುಡುಗ ಮಧ್ಯಾಹ್ನವೇ ಪ್ರಾಕ್ಟೀಸ್ ಮಾಡಿಬಿಟ್ಟರೆ ಸಂಜೆ ಮೂರನೇ ಮ್ಯಾಚಿನ ಹೊತ್ತಿಗೆ ಅವನ ಸಮಯ ಮುಗಿದಿರುತ್ತದೆ. ಅಂಥವನ ಬದಲಿಗೆ ಸಬ್ ಬಿಡುವುದೇ? ಬಿಡುವುದಿಲ್ಲ ಅಂದೆವು. ಮಿತಿ ಎಲ್ಲರಿಗೂ ಮೊದಲೇ ಗೊತ್ತಿದ್ದದ್ದು, ಅದು ತುರ್ತು ಹೇಗಾದೀತು? ಈ ಒಂದು ತೀರ್ಮಾನಕ್ಕೆ ಅಮ್ಮಂದಿರ ಪೂರ್ತಿ ಬೆಂಬಲ ಸಿಕ್ಕಿತು.

2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ಹಣದ ಆಟವನ್ನು ನಿಷೇಧಿಸಿ ಇ-ಸ್ಪೋರ್ಟ್ಸ್‌ಗೆ ಬೇರೆಯೇ ಮಾನ್ಯತೆ ಕೊಟ್ಟಿದೆ, ಸಾಧನೆಗೆ ಬಹುಮಾನ ಕೊಡುವುದಕ್ಕೆ ಅಡ್ಡಿಯಿಲ್ಲ. ಆ ಬಹುಮಾನ ಟೀಮಿನೊಳಗೆ ಹೇಗೆ ಹಂಚಿಕೆಯಾಗಬೇಕು ಅನ್ನುವುದು ಮಾತ್ರ ನಮ್ಮಲ್ಲಿ ಇನ್ನೂ ಬಗೆಹರಿದಿಲ್ಲ. ನಾನು ಈಗ ಕ್ಯಾಪ್ಟನ್ ಕೈಗೆ ದುಡ್ಡು ಕೊಡುವುದಿಲ್ಲ. ಯಾರು ಎಷ್ಟು ಮ್ಯಾಚ್ ಆಡಿದರು ಅಂತ ಪುಸ್ತಕ ನೋಡಿ, ಸಬ್ ಸೇರಿಸಿ, ಒಬ್ಬೊಬ್ಬರ ನಂಬರಿಗೆ ಹಾಕುತ್ತೇನೆ. ಕೂತು ಕಾದ, ಒಂದೂ ಮ್ಯಾಚ್ ಆಡದ ಸಬ್‌ಗೆ? ಅವನಿಗೂ ಒಂದು ಸಣ್ಣ ಪಾಲು ಅನ್ನುವುದು ನನ್ನ ಹಟ. ಫೈನಲ್‌ಗೆ ಅವನೂ ಸಂಜೆ ಬಿಟ್ಟುಕೊಟ್ಟು ಬಂದಿರುತ್ತಾನೆ. ಕ್ಯಾಪ್ಟನ್‌ಗಳಲ್ಲಿ ಅರ್ಧ ಜನ ಇದನ್ನು ಒಪ್ಪುವುದಿಲ್ಲ. ಹಿಂದಿನ ಗಣೇಶನ ಹಬ್ಬದ ಟೂರ್ನಿಗೆ ಎರಡು ಒಳ್ಳೆ ಟೀಮುಗಳು ಇದೇ ಕಾರಣಕ್ಕೆ ಹೆಸರು ಕೊಡಲಿಲ್ಲ. ಅದರಲ್ಲೊಂದು ಟೀಮಿನ ಸಬ್ ಹುಡುಗ ಮಾತ್ರ ಬೇರೆ ಟೀಮಿನ ಪುಟದಲ್ಲಿ ಸಹಿ ಹಾಕಿ, ಮೊದಲ ಮ್ಯಾಚಿನಿಂದಲೇ ಆಡಿದ.