ಹಿರಿಯರ ನಿದ್ದೆಗೆ ಅವರ ಮಾತೇ ಸಾಕ್ಷಿ

‘ರಾತ್ರಿ ಕಣ್ಣು ಮುಚ್ಚಲೇ ಇಲ್ಲ’ ಎಂದು ಮನೆಯ ಹಿರಿಯರು ಹೇಳಿದರೆ ‘ವಯಸ್ಸಾಯಿತಲ್ಲ’ ಎಂದು ಸುಮ್ಮನಾಗಿಬಿಡುತ್ತೇವೆ. ವಯಸ್ಸಾದಂತೆ ಗಾಢ ನಿದ್ದೆ ಕಡಿಮೆಯಾಗುತ್ತದೆ, ಎಚ್ಚರ ಬೇಗ ಆಗುತ್ತದೆ, ನಿಜ. ಆದರೆ 65 ದಾಟಿದವರಿಗೂ 7ರಿಂದ 8 ಗಂಟೆ ನಿದ್ದೆ ಬೇಕೆಂದೇ ತಜ್ಞರು ಹೇಳುವುದು. ನಿದ್ರಾಹೀನತೆಗೆ ರಕ್ತಪರೀಕ್ಷೆಯಿಲ್ಲ, ವೈದ್ಯರು ಅದನ್ನು ಗುರುತಿಸುವುದು ಮುಖ್ಯವಾಗಿ ರೋಗಿಯ ಮಾತಿನಿಂದಲೇ. 1989ರಲ್ಲಿ ಪ್ರಕಟವಾದ, ಇಂದಿಗೂ ಬಳಕೆಯಲ್ಲಿರುವ ಪಿಟ್ಸ್‌ಬರ್ಗ್ ಪ್ರಶ್ನಾವಳಿ ಹಿಂದಿನ ಒಂದು ತಿಂಗಳ ನಿದ್ದೆಯ ಬಗ್ಗೆ ವ್ಯಕ್ತಿಯನ್ನೇ 19 ಪ್ರಶ್ನೆ ಕೇಳುತ್ತದೆ. ಒಟ್ಟು 21 ಅಂಕಗಳಲ್ಲಿ 5ಕ್ಕಿಂತ ಹೆಚ್ಚು ಬಂದರೆ ನಿದ್ದೆ ಸರಿಯಿಲ್ಲವೆಂದು ಅರ್ಥ. ಹಾಗಾಗಿ ಹಿರಿಯರ ದೂರನ್ನು ವೈದ್ಯರಿಗೆ ಉಪಯೋಗವಾಗುವಂತೆ ಬರೆದಿಡುವುದು ಮನೆಯವರ ಕೆಲಸ.

ಮೊದಲು ಒಂದು ನೋಟ್‌ಬುಕ್ ತೆಗೆದುಕೊಂಡು ಎರಡು ವಾರ ಪ್ರತಿದಿನ ಬೆಳಿಗ್ಗೆ ಬರೆಯಿರಿ. ಮಲಗಿದ್ದು ಎಷ್ಟು ಹೊತ್ತಿಗೆ, ನಿದ್ದೆ ಹತ್ತಲು ಎಷ್ಟು ಹೊತ್ತಾಯಿತು, ಎಷ್ಟು ಸಲ ಎಚ್ಚರವಾಯಿತು, ಏಕೆ (ಮೂತ್ರಕ್ಕೋ, ಮಂಡಿನೋವಿಗೋ, ಚಿಂತೆಗೋ), ಎದ್ದದ್ದು ಯಾವಾಗ? ಅಂದಾಜು ಸಾಕು, ರಾತ್ರಿಯಿಡೀ ಗಡಿಯಾರ ನೋಡುತ್ತ ಕುಳಿತರೆ ಇರುವ ನಿದ್ದೆಯೂ ಹೋಗುತ್ತದೆ. ಮಧ್ಯಾಹ್ನದ ನಿದ್ದೆ, ಸಂಜೆಯ ಕಾಫಿ, ಮಾತ್ರೆ ನುಂಗಿದ ಹೊತ್ತನ್ನೂ ಸೇರಿಸಿ. ಊತಕ್ಕೋ ರಕ್ತದೊತ್ತಡಕ್ಕೋ ಕೊಟ್ಟ, ಮೂತ್ರ ಹೆಚ್ಚಿಸುವ ಮಾತ್ರೆಯನ್ನು ಸಂಜೆ ತೆಗೆದುಕೊಂಡರೆ ರಾತ್ರಿ ಮತ್ತೆ ಮತ್ತೆ ಏಳಬೇಕಾಗುತ್ತದೆ. ಕೊನೆಗೆ ನಿದ್ದೆಯ ಗಂಟೆಗಳನ್ನು ಹಾಸಿಗೆಯಲ್ಲಿದ್ದ ಗಂಟೆಗಳಿಂದ ಭಾಗಿಸಿ. ಒಂಬತ್ತಕ್ಕೆ ಮಲಗಿ ಆರಕ್ಕೆ ಎದ್ದು ಆರು ಗಂಟೆ ನಿದ್ದೆ ಮಾಡಿದ್ದರೆ ಅದು ಶೇ 67ರಷ್ಟು. ಶೇ 85ರ ಮೇಲಿದ್ದರೆ ಒಳ್ಳೆಯದು. ಎಷ್ಟೋ ಹಿರಿಯರಿಗೆ ಬೇರೇನೂ ಮಾಡಲಿಲ್ಲದೆ ಬೇಗ ಹಾಸಿಗೆ ಸೇರುವುದೇ ತೊಂದರೆಯ ಮೂಲ ಎಂಬುದು ಈ ಲೆಕ್ಕದಲ್ಲಿ ಗೊತ್ತಾಗುತ್ತದೆ.

ನೆನಪು ನಂಬಲಾದೀತೇ, ಕೈಗೆ ಸ್ಮಾರ್ಟ್‌ವಾಚ್ ಕಟ್ಟಿದರಾಯಿತಲ್ಲ ಎನ್ನಬಹುದು. ವಾಚು ಅಳೆಯುವುದು ಮುಖ್ಯವಾಗಿ ಕೈಯ ಚಲನೆ ಮತ್ತು ನಾಡಿಬಡಿತವನ್ನು. ಅಲುಗಾಡದೆ ಎಚ್ಚರವಾಗಿ ಮಲಗಿದವರನ್ನು ಅದು ನಿದ್ದೆಯಲ್ಲಿದ್ದಾರೆಂದು ಬರೆದುಕೊಳ್ಳಬಹುದು. ಬೆಳಿಗ್ಗೆಯ ಆಯಾಸವಂತೂ ಅದಕ್ಕೆ ತಿಳಿಯದು. ಆದರೂ ಈ ಆಕ್ಷೇಪಣೆಯಲ್ಲಿ ಒಂದು ಸತ್ಯವಿದೆ: ಗೊರಕೆ ಹೊಡೆಯುವವರಿಗೆ ತಮ್ಮ ಉಸಿರು ನಡುವೆ ನಿಲ್ಲುವುದು ಗೊತ್ತಾಗುವುದಿಲ್ಲ. ಅದನ್ನು ಪಕ್ಕದಲ್ಲಿ ಮಲಗುವವರನ್ನೇ ಕೇಳಿ ಬರೆಯಬೇಕು. ಹಗಲು ತೂಕಡಿಕೆಯೂ ಇದ್ದರೆ ಆಸ್ಪತ್ರೆಯ ನಿದ್ರಾ ಪರೀಕ್ಷೆ ಬೇಕಾದೀತು.

ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದುಕೊಡಬೇಡಿ. ಈ ವಯಸ್ಸಿನಲ್ಲಿ ಅದರಿಂದ ಬಿದ್ದು ಸೊಂಟದ ಮೂಳೆ ಮುರಿಯುವ ಅಪಾಯ ಹೆಚ್ಚು. ಈಗಾಗಲೇ ತೆಗೆದುಕೊಳ್ಳುತ್ತಿದ್ದರೆ ದಿಢೀರನೆ ನಿಲ್ಲಿಸಲೂ ಬೇಡಿ. ನೋಟ್‌ಬುಕ್ ಹಿಡಿದು ವೈದ್ಯರ ಬಳಿ ಹೋಗಿ, ಹಿರಿಯರೇ ಮಾತಾಡಲಿ.